ಗುರ್ ಎಂದರೆ ರೊಟ್ಟಿ

ನಾಯಿ ನನ್ನನ್ನು ಕಂಡು ಮೊದಲ ಸಲ ಗುರ್ ಎಂದದ್ದು ಹಿತ್ತಲ ಬಾಗಿಲಲ್ಲಿ, ಬೆಳಿಗ್ಗೆ ಬಟ್ಟೆ ಒಗೆಯಲು ಹೊರಟಾಗ. ನನ್ನ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ತಿಂದು ಉಳಿದ ಅರ್ಧ ರೊಟ್ಟಿ. ನಾಯಿ ಹೊಸ್ತಿಲಿಗೆ ಅಡ್ಡಲಾಗಿ ಮಲಗಿತ್ತು. ದಾಟಲೆಂದು ಕಾಲು ಎತ್ತಿದೆ. ಅದು ತಲೆಯನ್ನೂ ಎತ್ತಲಿಲ್ಲ, ಕಣ್ಣು ಮಾತ್ರ ನನ್ನ ಕಡೆ ತಿರುಗಿಸಿ ಗಂಟಲೊಳಗಿಂದ ಒಂದು ಸದ್ದು ತೆಗೆಯಿತು. ಬೊಗಳುವುದಕ್ಕೆ ನಾನು ಅಷ್ಟೊತ್ತಿಗೆ ಹೊಂದಿಕೊಂಡಿದ್ದೆ. ಇದು ಬೇರೆ, ಹಲ್ಲಿನ ಹಿಂದೆಯೇ ಉಳಿಯುವ ಸದ್ದು. ಕೈಯಲ್ಲಿದ್ದ ರೊಟ್ಟಿಯನ್ನು ಎಸೆದುಬಿಟ್ಟೆ. ಅದು ಎದ್ದು ರೊಟ್ಟಿಯ ಕಡೆ ಹೋಯಿತು, ನಾನು ಹೊಸ್ತಿಲು ದಾಟಿ ಒಗೆಯುವ ಕಲ್ಲಿನ ಹತ್ತಿರ ಓಡಿದೆ.

ನಡೆದದ್ದು ಅಷ್ಟೇ. ಯಾರೂ ನೋಡಲಿಲ್ಲ. ಆದರೆ ಮುಂದೆ ನಮ್ಮ ಮನೆಯಲ್ಲಿ ಆದದ್ದಕ್ಕೆಲ್ಲ ಆ ಅರ್ಧ ರೊಟ್ಟಿಯೇ ಮೂಲ. ಅದನ್ನು ಬಾಯಿಬಿಟ್ಟು ಹೇಳಲು ನನಗೆ ಮೂರು ತಿಂಗಳು ಬೇಕಾಯಿತು.

ಆಗ ನಾವು ಸಾಂಗ್ಲಿಯ ಹಳೇ ಪೇಟೆಯ ಕೂಡು ಮನೆಯನ್ನು ಬಿಟ್ಟು ಹೊಸ ಮನೆಗೆ ಬಂದು ವರ್ಷವಾಗಿತ್ತಷ್ಟೇ. ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ನಮ್ಮ ಮನೆಯವರದೊಂದು ಸಣ್ಣ ವರ್ಕ್‌ಶಾಪು, ಎರಡು ಲೇಥ್ ಮಷೀನು. ಪಂಪಿನ ಬಿಡಿಭಾಗ ಮಾಡುತ್ತಿದ್ದರು. ದೇಶದ ಬಾಗಿಲು ತೆರೆಯಿತು, ಇನ್ನು ಹಿಡಿಯುವವರಿಲ್ಲ ಎಂದು ಪೇಪರಿನವರು ಬರೆಯುತ್ತಿದ್ದ ಕಾಲ ಅದು. ಬಾಗಿಲು ತೆರೆದದ್ದು ನಮಗೆ ತಿಳಿದದ್ದು ಹೀಗೆ: ಇವರು ರಾತ್ರಿ ಪಾಳಿಯನ್ನೂ ಶುರು ಮಾಡಿದರು, ವರ್ಕ್‌ಶಾಪಿಗೆ ಹತ್ತಿರವಾಗಲಿ ಎಂದು ಸಾಂಗ್ಲಿಗೂ ಮಿರಜಿಗೂ ನಡುವೆ, ಹೊಲ ಒಡೆದು ಪ್ಲಾಟು ಹಾಕಿದ ಜಾಗದಲ್ಲಿ ಮನೆ ಕಟ್ಟಿಸಿದರು. ನಕ್ಷೆಯಲ್ಲಿ ಅದು ಕಾಲೊನಿ. ನಿಂತು ನೋಡಿದರೆ ನಾಲ್ಕು ಮನೆ, ಉಳಿದದ್ದೆಲ್ಲ ಸುಣ್ಣ ಬಳಿದ ಗಡಿಕಲ್ಲು ಮತ್ತು ಜಾಲಿಮುಳ್ಳು. ಪಕ್ಕದ ಪ್ಲಾಟಿನಿಂದ ಕಟ್ಟಡದ ಕಬ್ಬಿಣವನ್ನು ಹಾಡುಹಗಲೇ ಯಾರೋ ಹೊತ್ತೊಯ್ದರು. ಮರುವಾರ ಇವರು ಸ್ಕೂಟರಿನ ಮುಂದುಗಡೆ ಗೋಣಿಚೀಲದಲ್ಲಿ ಅಲ್ಸೇಷಿಯನ್ ಮರಿಯೊಂದನ್ನು ಇಟ್ಟುಕೊಂಡು ಬಂದರು.

"ನಾಯಿ ಇದ್ರ ಹೆಂಗಸರಿಗೆ ಧೈರ್ಯ ಇರತೈತಿ," ಎಂದರು.

ಹೆಂಗಸರನ್ನು ಕೇಳಿದ್ದರೆ ಹೇಳುತ್ತಿದ್ದೆ. ನನ್ನ ತವರು ಕವಲಾಪುರ. ಚಿಕ್ಕಂದಿನಲ್ಲಿ ನಮ್ಮ ಓಣಿಯ ಹುಡುಗಿಯೊಬ್ಬಳಿಗೆ ನಾಯಿ ಕಚ್ಚಿ, ಹೊಕ್ಕಳಿನ ಸುತ್ತ ಹದಿನಾಲ್ಕು ಇಂಜೆಕ್ಷನ್ ಚುಚ್ಚಿಸಿದ್ದರು. ದಿನಾ ಅವಳ ಕಿರುಚಾಟ ನಮ್ಮ ಮನೆಯವರೆಗೂ ಬರುತ್ತಿತ್ತು. ಅಂದಿನಿಂದ ನಾಯಿ ಕಂಡರೆ ನಾನು ದಾರಿ ಬದಲಿಸಿ ನಡೆದವಳು. ಆದರೆ ಆ ಮನೆಯಲ್ಲಿ ನನ್ನನ್ನು ಕೇಳುವ ಪದ್ಧತಿ ಇರಲಿಲ್ಲ, ಹೇಳುವ ಅಭ್ಯಾಸ ನನಗೂ ಇರಲಿಲ್ಲ. ಅತ್ತೆ ಹುಬ್ಬು ಏರಿಸಿ "ಹೂಂ?" ಎಂದರೆ ಸಾಕು, ಅರ್ಧ ಹೇಳಿದ ಮಾತನ್ನು ನುಂಗಿ ಅವರು ಬಯಸಿದ ಉತ್ತರವನ್ನೇ ಕೊಡುತ್ತಿದ್ದೆ. ಒಳ್ಳೆಯ ಸೊಸೆ ಎಂದು ಬಳಗದಲ್ಲೆಲ್ಲ ಹೆಸರಾಗಿತ್ತು.

ಮರಿಗೆ ಇವರು ಇಂಗ್ಲಿಷಿನ ದೊಡ್ಡ ಹೆಸರೊಂದನ್ನು ಇಟ್ಟರು. ಅದು ಅತ್ತೆಯ ನಾಲಿಗೆಗೆ ಹೊರಳಲಿಲ್ಲ, ಅವರು "ತಮ್ಮಾ" ಎಂದು ಕರೆದರು, ಅದೇ ನಿಂತಿತು. ಮೊದಲ ಐದಾರು ತಿಂಗಳು ಅದು ಶುದ್ಧ ಜೈನ ಮಗುವಿನಂತೆಯೇ ಬೆಳೆಯಿತು ಅನ್ನಿ. ಹಾಲು, ರೊಟ್ಟಿ, ಮಜ್ಜಿಗೆ ಅನ್ನ. ದನದ ಡಾಕ್ಟರು ತತ್ತಿ ಕೊಡಿ ಎಂದದ್ದಕ್ಕೆ ಅತ್ತೆ ಅವರಿಗೇ ನಾಲ್ಕು ಮಾತು ಉಪದೇಶ ಹೇಳಿ ಕಳಿಸಿದ್ದರು. ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು, ಮುಳುಗಿದ ಮೇಲೆ ಅಡುಗೆಮನೆಯಿಂದ ಒಂದು ಅಗುಳೂ ಹೊರಬರುವುದಿಲ್ಲ. ಇವರು ಕೂಡ ಸಂಜೆ ಕುಪವಾಡದಿಂದ ಸ್ಕೂಟರಿನಲ್ಲಿ ಬಂದು, ಅವಸರದಲ್ಲಿ ಉಂಡು, ಕೈ ಒರೆಸಿಕೊಳ್ಳುತ್ತ ಪಾಳಿಗೆ ಮರಳುವವರು. ನಾಯಿಗೂ ಅದೇ ವೇಳೆ. ಸೂರ್ಯ ಇರುವಾಗಲೇ ಅದರ ತಾಟು ತೊಳೆದು ಬೋರಲು ಹಾಕಿ ಆಗುತ್ತಿತ್ತು.

ಆ ಮರಿ ಹೇಳಿದ ಮಾತನ್ನೆಲ್ಲ ಕೇಳುತ್ತಿತ್ತು. ಕುಂದ್ರು ಎಂದರೆ ಕೂರುತ್ತಿತ್ತು, ಬಾ ಎಂದರೆ ಕಿವಿ ಜೋಲಾಡಿಸುತ್ತ ಬರುತ್ತಿತ್ತು. ಮೂರು ವರ್ಷದ ನನ್ನ ಮಗಳು ಅದರ ಹೊಟ್ಟೆಗೆ ಒರಗಿ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ನಾನೂ ಸ್ವಲ್ಪ ಸ್ವಲ್ಪ ಸೋಲುತ್ತಿದ್ದೆ. ಒಂದು ಸಲ ಅದರ ನೆತ್ತಿಯನ್ನು ಎರಡು ಬೆರಳಿನಿಂದ ಮುಟ್ಟಿ, ಹೋಗಿ ಕೈ ತೊಳೆದುಕೊಂಡು ಬಂದೆ.

ಎಂಟನೆಯ ತಿಂಗಳಿಗೆ ಏನಾಯಿತೋ, ಬೇರೆ ನಾಯಿಯನ್ನೇ ತಂದು ಕಟ್ಟಿದ ಹಾಗಾಯಿತು. ಭುಜ ಅಗಲವಾಯಿತು, ಕಿವಿ ನೆಟ್ಟಗೆ ನಿಂತಿತು. ಕರೆದರೆ ತಿರುಗಿ ನೋಡಿ, ಯೋಚಿಸಿ, ಬೇರೆ ಕಡೆಗೆ ಹೋಗುತ್ತಿತ್ತು. ಇವರ ಬೂಟು, ಹೊಸ ಕೇಬಲ್ಲಿನ ತಂತಿ, ಸೋಫಾದ ಕಾಲು, ಎಲ್ಲ ಅದರ ಹಲ್ಲಿಗೆ. ಕಲಿತದ್ದೆಲ್ಲ ಮರೆತು ಹೋಗಿತ್ತು. ಇವರು ಸ್ಕೂಟರ್ ಇಳಿಯುತ್ತಿದ್ದ ಹಾಗೆ ಮೈಮೇಲೆ ಎರಡು ಕಾಲಿಟ್ಟು ನಿಂತರೆ ಇವರ ಭುಜಕ್ಕೆ ಬರುತ್ತಿತ್ತು. ಇವರು ನಗುತ್ತಿದ್ದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ, ಇವರ ಭುಜ ನನ್ನ ಕಿವಿಯ ಎತ್ತರ ಎಂದು ಲೆಕ್ಕ ಹಾಕುತ್ತಿದ್ದೆ.

ಆ ದಿನಗಳಲ್ಲೇ ಹಿತ್ತಲ ಬಾಗಿಲಿನ ಸಂಗತಿ ನಡೆದದ್ದು. ಮರುದಿನವೂ ಅದು ಅಲ್ಲೇ ಮಲಗಿತ್ತು. ಮತ್ತೆ ಗುರ್. ಮತ್ತೆ ಒಂದು ಚೂರು ರೊಟ್ಟಿ. ನಾಲ್ಕನೆಯ ದಿನಕ್ಕೆ ನಾನು ತಯಾರಾಗಿಯೇ ಹೋಗತೊಡಗಿದೆ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಒಂದನ್ನು ಹೆಚ್ಚಿಗೆ ಬಡಿದು, ತುಂಡು ಮಾಡಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದೆ. ಬಾಗಿಲಿಗೆ ಒಂದು ತುಂಡು, ನಲ್ಲಿಗೆ ಒಂದು ತುಂಡು, ಬಟ್ಟೆ ಒಣಹಾಕಲು ಒಂದು ತುಂಡು. ಮಿರಜ ರಸ್ತೆಯ ಜಕಾತಿ ನಾಕಾದಲ್ಲಿ ಟ್ರಕ್ಕಿನವರು ಕಟ್ಟುವ ಹಾಗೆ ನಾನು ನನ್ನದೇ ಹಿತ್ತಲಿನಲ್ಲಿ ಜಕಾತಿ ಕಟ್ಟಿ ಓಡಾಡುತ್ತಿದ್ದೆ. ಅದು ಮಾತ್ರ ದಿನದಿಂದ ದಿನಕ್ಕೆ ನಾಕಾದ ಸಂಖ್ಯೆ ಹೆಚ್ಚಿಸುತ್ತಿತ್ತು. ಮೊದಲು ಬಾಗಿಲಲ್ಲಿ ಮಾತ್ರ ಇದ್ದ ಸದ್ದು ವರಾಂಡಕ್ಕೆ ಬಂತು, ಮಹಡಿ ಮೆಟ್ಟಿಲ ಕೆಳಗೆ ಬಂತು. ಗಂಟಲಿನಲ್ಲಿದ್ದದ್ದು ತುಟಿಗೆ ಬಂತು. ತುಟಿ ಮೇಲೆ ಸರಿದು ಕೋರೆಹಲ್ಲು ಕಾಣತೊಡಗಿತು.

ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಇವರು ನಗುತ್ತಾರೆ, ಅತ್ತೆ "ಹೂಂ?" ಎನ್ನುತ್ತಾರೆ. ಬಟ್ಟೆ ಒಗೆಯುವುದನ್ನು ಎರಡು ದಿನಕ್ಕೊಮ್ಮೆ ಮಾಡಿದೆ. ಮಗಳನ್ನು ಅಂಗಳಕ್ಕೆ ಬಿಡುವುದನ್ನು ಕಡಿಮೆ ಮಾಡಿ, ನೆಗಡಿ ಎಂದು ಸುಳ್ಳು ಹೇಳಿದೆ.

ಆದರೆ ಗುರ್ ಎನ್ನುವುದು ಎಷ್ಟು ದಿನ ಗುಟ್ಟಾಗಿ ಉಳಿದೀತು? ಒಂದು ಬೆಳಿಗ್ಗೆ ಅದು ಅತ್ತೆಗೂ ಗುರ್ ಎಂದಿತು. ಅತ್ತೆ ಹೆದರುವ ಹೆಂಗಸಲ್ಲ. ಅವರಿಗೆ ಸಿಟ್ಟೂ ಬರಲಿಲ್ಲ. ಕಣ್ಣಲ್ಲಿ ನೀರು ಬಂತು.

"ಪಾಪ, ಹಸದೈತಿ ಅದು," ಎಂದರು. "ನಾವು ಹೊತ್ತ ಮುಳಗೂದರಾಗ ಉಂಡು ಸುಮ್ನ ಇರತೇವಿ. ನಮ್ಮ ನೇಮ ನಮಗ. ಮಾಂಸ ತಿನ್ನೂ ಜಾತಿ ಅದು, ಅದನ್ನ ತಂದು ನಮ್ಮ ನೇಮಕ್ಕ ಕಟ್ಟೇವಿ. ಹಸಿವಾಗೇತಿ ಅಂತ ಬಾಯಿ ಬಿಟ್ಟು ಹೇಳಾಕ ಬರತೈತೇನು ಅದಕ್ಕ? ಗುರ್ ಅಂತೈತಿ."

ಅಂದಿನಿಂದ ಅವರು ತಮ್ಮ ತಾಟಿನಲ್ಲೇ ಒಂದು ರೊಟ್ಟಿ ಉಳಿಸಿ, ತುಪ್ಪ ಸವರಿ, ಅದು ಗುರ್ ಎಂದಾಗಲೆಲ್ಲ ಕೈಯಿಂದ ತಿನ್ನಿಸತೊಡಗಿದರು. ಜೀವದಯೆಯನ್ನು ಹಾಲಿನ ಜೊತೆಗೇ ಕುಡಿದು ಬೆಳೆದ ನಮ್ಮಂಥವರಿಗೆ ನಾಯಿಯ ಸಿಟ್ಟು ಕೂಡ ನಮ್ಮ ಪಾಪದಂತೆಯೇ ಕಾಣುತ್ತದೆ. ಅದು ಹಲ್ಲು ತೋರಿಸಿದಷ್ಟೂ ಅತ್ತೆಯ ತುಪ್ಪ ದಪ್ಪವಾಯಿತು. ಈಗ ಮನೆಯಲ್ಲಿ ಇಬ್ಬರು ಅದಕ್ಕೆ ಪಾಠ ಹೇಳುತ್ತಿದ್ದೆವು, ಒಬ್ಬರು ಕರುಣೆಯಿಂದ, ಒಬ್ಬಳು ಹೆದರಿಕೆಯಿಂದ. ಒಬ್ಬರದು ಎಲ್ಲರಿಗೂ ಕಾಣುತ್ತಿತ್ತು.

ನಾಲ್ಕು ಮನೆಗಳಲ್ಲಿ ಒಂದು ಮನೆ ನಿವೃತ್ತ ಹವಾಲ್ದಾರರದು. ಜತ್ತ ಕಡೆಯ ಊರಿನವರು, ನಮ್ಮ ಹಾಗೆಯೇ ಕನ್ನಡ ಮಾತು. ಮಿಲಿಟರಿಯಲ್ಲಿ ನಾಯಿಗಳನ್ನು ಸಾಕುವ ಕೆಲಸ ಮಾಡಿದವರು. ನಾವು ಅವರಿಗೆ ಕಾಕಾ ಎನ್ನುತ್ತಿದ್ದೆವು. ಬೂಟಿನ ನಂತರ ಮಿಕ್ಸರಿನ ವಯರನ್ನೂ ಅದು ಕಡಿದು ಹಾಕಿದ ದಿನ ಇವರು ಕಾಕಾನನ್ನು ಕರೆತಂದರು. ಕಾಕಾ ವರಾಂಡದ ಕಟ್ಟೆಯ ಮೇಲೆ ಕೂತು ಒಂದು ತಾಸು ಸುಮ್ಮನೆ ನಾಯಿಯನ್ನು ನೋಡಿದರು.

"ನಾಯಿ ಕೆಟ್ಟಿಲ್ಲ," ಎಂದರು. "ಅದಕ್ಕ ಹರೇ ಬಂದೈತಿ, ಅಷ್ಟ. ಹರೇದಾಗ ನಾವರೆ ಅಪ್ಪನ ಮಾತು ಕೇಳಿದ್ವೇನು? ಏನ ಮಾಡಿದ್ರ ಏನ ಸಿಗತೈತಿ ಅಂತ ಪರೀಕ್ಷಾ ಮಾಡಿ ನೋಡಾಕ ಹತ್ತೈತಿ. ಈಗ ಕಲಿತದ್ದು ಸಾಯೂ ತನಕ ಹೋಗೂದಿಲ್ಲ." ಆಮೇಲೆ ನಮ್ಮಿಬ್ಬರ ಕಡೆ ತಿರುಗಿದರು. "ಗುರ್ ಅಂದಾಗ ಯಾರರೆ ತಿನ್ನಾಕ ಕೊಟ್ಟೀರೇನ್ರಿ?"

"ನಾ ಕೊಟ್ಟೇನಿ," ಎಂದರು ಅತ್ತೆ, ತಕ್ಷಣ.

ನನ್ನ ಸೆರಗಿನ ಗಂಟಿನಲ್ಲಿ ಆ ಹೊತ್ತಿಗೂ ಎರಡು ತುಂಡು ಇದ್ದವು. ನಾನು ಗಂಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ.

"ಇನ್ನ ಕೊಡಬ್ಯಾಡ್ರಿ," ಎಂದರು ಕಾಕಾ. "ಗುರ್ ಅಂದ್ರ ರೊಟ್ಟಿ ಅಂತ ಅದು ತಿಳಕೊಂಡೈತಿ. ಸುಮ್ನ ಕುಂತ್ರ ರೊಟ್ಟಿ ಅಂತ ತಿಳೀಬೇಕು. ಮನ್ಯಾಗ ಎಲ್ಲಾರೂ ಒಂದ ರೀತಿ ಇರಬೇಕು. ಒಬ್ರು ತಪ್ಪಿದ್ರೂ ಮುಗೀತು, ಒಂದಿನ ಕಡೀತೈತಿ."

ಅತ್ತೆ ಅಂದೇ ನಿಲ್ಲಿಸಿದರು. ಅವರು ಒಂದು ಸಲ ಬಿಟ್ಟರೆ ಬಿಟ್ಟ ಹಾಗೆ. ನಾನು ನಿಲ್ಲಿಸಲಿಲ್ಲ. ಬಹಳ ಸಲ ಯೋಚಿಸಿದ್ದೇನೆ, ಯಾಕೆ ನಿಲ್ಲಿಸಲಿಲ್ಲ ಎಂದು. ಕಾಕಾ ಹೇಳಿದ್ದು ನನಗೆ ಪೂರ್ತಿ ತಿಳಿದಿತ್ತು. ಆದರೆ ಬಾಗಿಲಲ್ಲಿ ಆ ಹಲ್ಲು ಕಂಡಾಗ ತಿಳಿವಳಿಕೆ ಎಲ್ಲಿ ಉಳಿಯುತ್ತದೆ? ಇವತ್ತೊಂದು ದಿನ, ನಾಳೆಯಿಂದ ಇಲ್ಲ ಎಂದುಕೊಂಡು ಗಂಟು ಬಿಚ್ಚುತ್ತಿದ್ದೆ. ಅತ್ತೆ ಕೊಡುವುದು ನಿಂತ ಮೇಲೆ ಅದಕ್ಕೆ ಉಳಿದ ಆಸರೆ ನಾನೊಬ್ಬಳೇ, ಅದು ನನ್ನ ಹಿಂದೆಯೇ ತಿರುಗತೊಡಗಿತು.

ಒಂದು ದಿನ ಮಧ್ಯಾಹ್ನ ನಾನು ಬಟ್ಟೆ ತೆಗೆಯುತ್ತಿದ್ದೆ. ಮಗಳು ಯಾವಾಗ ಹಿತ್ತಲಿಗೆ ಬಂದಳೋ ಗೊತ್ತಾಗಲಿಲ್ಲ. ತಿರುಗಿ ನೋಡಿದಾಗ ಅವಳು ಮೆಟ್ಟಿಲ ಮೇಲೆ ಕೂತಿದ್ದಳು, ಕೈಯಲ್ಲಿ ಬೆಲ್ಲ ಸವರಿದ ರೊಟ್ಟಿ. ನಾಯಿ ಅವಳಿಂದ ಒಂದು ಗೇಣು ದೂರ. ಗುರ್ ಎಂದಿತು. ಮಗಳು ರೊಟ್ಟಿಯನ್ನು ಎದೆಗೆ ಒತ್ತಿಕೊಂಡು "ನಾಹೀ, ಮಾಝೀ ಆಹೇ," ಎಂದಳು. ಆಡಲು ಬರುವ ಮಕ್ಕಳೆಲ್ಲ ಮರಾಠಿಯವರು, ನನ್ನದು ಎಂದು ಹೇಳುವುದನ್ನು ಅವಳು ಮರಾಠಿಯಲ್ಲೇ ಕಲಿತಿದ್ದಳು. ನಾಯಿ ಇನ್ನೊಮ್ಮೆ ಗುರ್ ಎಂದಿತು, ಈ ಸಲ ಹಲ್ಲು ತೋರಿಸಿ. ಅವಳು ಕೊಡಲಿಲ್ಲ. ಇಷ್ಟು ದಿನ ಈ ಹಿತ್ತಲಲ್ಲಿ ಎರಡನೆಯ ಸಲ ಕೇಳುವ ಪ್ರಸಂಗ ಅದಕ್ಕೆ ಬಂದಿರಲಿಲ್ಲ. ಅದು ಬಾಯಿ ಹಾಕಿತು.

ರೊಟ್ಟಿಯ ಜೊತೆಗೆ ಅವಳ ಕೈಯೂ ಅದರ ಬಾಯೊಳಗಿತ್ತು. ನಾನು ಕಿರುಚಿದೆನೋ ಇಲ್ಲವೋ ನೆನಪಿಲ್ಲ. ಸೆರಗಿನ ಗಂಟನ್ನು ಹರಿದು ಇದ್ದ ತುಂಡನ್ನೆಲ್ಲ ಅಂಗಳಕ್ಕೆ ಚೆಲ್ಲಿದ್ದು ನೆನಪಿದೆ. ಅದು ಅವಳ ಕೈ ಬಿಟ್ಟು ತುಂಡುಗಳ ಕಡೆ ಜಿಗಿಯಿತು. ನಾನು ಮಗಳನ್ನು ಬಾಚಿಕೊಂಡು ಒಳಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಅತ್ತೆ ದೇವರ ಕೋಣೆಯಿಂದ ಓಡಿ ಬರುವ ಹೊತ್ತಿಗೆ ಹೊರಗೆ ನಾಯಿ ಶಾಂತವಾಗಿ ನೆಲ ನೆಕ್ಕುತ್ತಿತ್ತು. ಅವರಿಗೆ ಕಂಡದ್ದು ಮಗುವಿನ ರೊಟ್ಟಿ ಕಸಿದುಕೊಂಡ ನಾಯಿ.

ಮಗಳ ಅಂಗೈ ಹಿಂದೆ ಎರಡು ಹಲ್ಲಿನ ಗುರುತು. ಒಂದರಲ್ಲಿ ರಕ್ತ ಜಿನುಗುತ್ತಿತ್ತು. ಸುದ್ದಿ ತಿಳಿದು ಇವರು ವರ್ಕ್‌ಶಾಪಿನಿಂದ ಬಂದು, ನಮ್ಮನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮಿರಜಿಗೆ ಹೋದರು. ಆ ದಾರಿಯುದ್ದಕ್ಕೂ ನನ್ನ ಕಿವಿಯಲ್ಲಿ ಕವಲಾಪುರದ ಆ ಹುಡುಗಿಯ ಕಿರುಚಾಟ. ಡಾಕ್ಟರು ಗಾಯ ತೊಳೆದರು. ಮನೆಯ ನಾಯಿಯಾದರೂ ನಂಬಿ ಕೂರುವುದು ಬೇಡ ಎಂದು ಇಂಜೆಕ್ಷನ್ನು ಶುರು ಮಾಡಿದರು. ಈಗ ಹೊಟ್ಟೆಗಲ್ಲ, ತೋಳಿಗೆ ಎಂದರು. ಸೂಜಿ ಚುಚ್ಚಿದಾಗ ಮಗಳು ಸ್ವಲ್ಪವೇ ಅತ್ತಳು. ನಾನು ಹೊರಗೆ ಬಂದು ಗೋಡೆ ಹಿಡಿದು ವಾಂತಿ ಮಾಡಿಕೊಂಡೆ.

ಸಂಜೆ ಇವರು ತೀರ್ಮಾನ ಹೇಳಿದರು. ಮೊದಲು ಹೊಳೆದಂಡೆಯ ಹರಿಪುರದ ನೆಂಟರ ಹೊಲದಲ್ಲಿ ಬಿಡುವ ಯೋಚನೆ ಮಾಡಿ ಕೇಳಿಸಿದ್ದರು, ಹೊಳೆ ಏರಿದರೆ ನಮ್ಮ ಸಾಮಾನು ಹೊತ್ತು ಓಡುವುದೇ ಕಷ್ಟ, ನಾಯಿಯನ್ನು ಯಾರು ನೋಡಬೇಕು ಎಂದು ಅವರು ಒಲ್ಲೆ ಎಂದರು. "ಐತವಾರ ವರ್ಕ್‌ಶಾಪಿಗೆ ಒಯ್ದು ಸರಪಳಿ ಹಾಕತೇನಿ," ಎಂದರು ಇವರು. "ಹಗಲೂ ರಾತ್ರಿ ಅಲ್ಲೇ ಇರಲಿ."

ಕಾಕಾ ಗೇಟಿನಲ್ಲಿ ನಿಂತು ಕೇಳಿ ತಲೆ ಅಲ್ಲಾಡಿಸಿದರು. "ಈ ಚಟಾ ಇಟಗೊಂಡು ಸರಪಳ್ಯಾಗ ಹೋತಂದ್ರ, ತಿಂಗಳೊಪ್ಪತ್ತಿನ್ಯಾಗ ಒಬ್ಬ ಕೆಲಸದವನ್ನ ಹರೀತೈತಿ. ಆಮ್ಯಾಲೆ ಯಾರರೆ ವಿಷ ಹಾಕತಾರ. ನಾ ನೋಡೇನಿ."

ಅತ್ತೆ ಒಳಗೆ ಹೋದರು. ಮರುದಿನ ಸಂಜೆ ಅವರು ತಾಟಿಗೆ ಕೂರಲಿಲ್ಲ. ಕೇಳಿದ್ದಕ್ಕೆ, "ಒಪ್ಪತ್ತು ಹಿಡಿದೇನಿ," ಎಂದರು. ದಿನಕ್ಕೆ ಒಂದೇ ಹೊತ್ತು ಊಟ. "ನನ್ನ ಕೈಲೆ ಆದ ಹಿಂಸಾ ಇದು. ತುಪ್ಪಾ ಹಚ್ಚಿ ಹಚ್ಚಿ ನಾನ ಕಲಿಸೇನಿ ಅದಕ್ಕ. ಕೂಸಿನ ಕೈ ಆತು, ನಾಳೆ ಆ ಮೂಕ ಪ್ರಾಣಿ ಜೀವಾ ಹೋಗತೈತಿ. ಎರಡೂ ನನ್ನ ತಲಿ ಮ್ಯಾಲೆ."

ಈಗ ನಾಚಿಕೆ ಬಿಟ್ಟು ಹೇಳುತ್ತೇನೆ. ಆ ಮೂರು ದಿನ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಐತವಾರ ನಾಯಿ ಹೋಗುತ್ತದೆ, ಹಿತ್ತಲು ನನ್ನದಾಗುತ್ತದೆ. ನಾನು ಮಾಡಬೇಕಾದದ್ದು ಏನೂ ಇಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಅತ್ತೆ ಸಂಜೆ ನೀರು ಮಾತ್ರ ಕುಡಿದು ಜಪದ ಮಣೆಯ ಮೇಲೆ ಕೂರುತ್ತಿದ್ದರು, ನಾನು ಅವರ ಕಡೆ ನೋಡದೆ ಪಾತ್ರೆ ತೊಳೆಯುತ್ತಿದ್ದೆ. ನಾನೂ ಕೊಟ್ಟಿದ್ದೆ ಎಂಬ ಮಾತು ಗಂಟಲವರೆಗೆ ಬರುತ್ತಿತ್ತು. ಅವರ ಹುಬ್ಬು ಏರುವುದು ಕಣ್ಣ ಮುಂದೆ ಬಂದರೆ ಆ ಮಾತು ಮತ್ತೆ ಕೆಳಗೆ ಇಳಿಯುತ್ತಿತ್ತು. ಹೇಗೂ ಅವರೂ ಕೊಟ್ಟಿದ್ದಾರಲ್ಲ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ.

ಶನಿವಾರ ಸಂಜೆ ಊಟಕ್ಕೆ ಕೂತಿದ್ದೆವು, ಮಗಳು ಮತ್ತು ನಾನು. ಅತ್ತೆ ಪಕ್ಕದಲ್ಲಿ ಬರಿಗೈಲಿ. ಮಗಳ ಬಲಗೈಗೆ ಪಟ್ಟಿ ಇತ್ತು, ನಾನೇ ತುತ್ತು ಮಾಡಿ ಕೊಡುತ್ತಿದ್ದೆ. ನನ್ನ ತಾಟಿನಲ್ಲಿದ್ದ ಶೇಂಗಾ ಹೋಳಿಗೆಯ ಚೂರು ಅವಳ ಕಣ್ಣಿಗೆ ಬಿತ್ತು. ಅವಳದು ಆಗಲೇ ತಿಂದಾಗಿತ್ತು, ಕೊಡುವುದಿಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಗದ್ದ ಕೆಳಗೆ ಮಾಡಿ, ಕಣ್ಣು ಮೇಲೆ ಮಾಡಿ, ಹಾಲುಹಲ್ಲು ತೋರಿಸಿ ಗಂಟಲಿನಿಂದ "ಗುರ್ರ್" ಎಂದಳು.

ನನ್ನ ಕೈ ಹೋಳಿಗೆಯನ್ನು ಅವಳ ಮುಂದೆ ಎಸೆದಿತ್ತು. ನಾನು ಎಸೆಯಬೇಕು ಅಂದುಕೊಳ್ಳುವ ಮೊದಲೇ. ಹೋಳಿಗೆ ನೆಲದ ಮೇಲೆ ಬಿತ್ತು. ಅವಳು ಎತ್ತಿಕೊಂಡು ಬಾಯಿಗಿಟ್ಟು, ಗೆದ್ದವಳ ಹಾಗೆ ನಕ್ಕಳು. ಅವಳು ಕಿಟಕಿಯಿಂದ ಎಷ್ಟು ದಿನ ನೋಡಿದ್ದಳೋ! ಆವರೆಗೆ ನಾನು ಹೆದರಿದ್ದೆಲ್ಲ ಒಂದು ತೂಕ, ಆ ಕ್ಷಣದ ಹೆದರಿಕೆಯೇ ಒಂದು ತೂಕ. ಐತವಾರ ನಾಯಿ ಹೋದರೂ ಇದು ಮನೆಯಲ್ಲೇ ಉಳಿಯುತ್ತದೆ.

ಅತ್ತೆ ನನ್ನನ್ನೂ ಅವಳನ್ನೂ ನೋಡುತ್ತಿದ್ದರು. ಹುಬ್ಬು ಏರಿತು. "ಹೂಂ?"

"ಅತ್ತೀ," ಎಂದೆ, "ನೀವು ಒಪ್ಪತ್ತು ಬಿಡ್ರಿ. ಅದಕ್ಕ ಕಲಿಸಿದಾಕಿ ನಾನು." ಹಿತ್ತಲ ಬಾಗಿಲು, ಸೆರಗಿನ ಗಂಟು, ಕಾಕಾ ಕೇಳಿದ ದಿನ ಮುಷ್ಟಿ ಮುಚ್ಚಿದ್ದು, ಮಗಳನ್ನು ಕಚ್ಚಿದಾಗಲೂ ರೊಟ್ಟಿಯನ್ನೇ ಚೆಲ್ಲಿದ್ದು, ಎಲ್ಲ ಹೇಳಿದೆ. ಹೇಳಿ ಮುಗಿಸಿ ತಲೆ ತಗ್ಗಿಸಿ ಕೂತೆ.

ಅವರು ಬೈಯಲಿಲ್ಲ. ಕಿಟಕಿಯ ಹೊರಗೆ ಹೊತ್ತು ನೋಡಿ, ಇನ್ನೂ ಬೆಳಕಿದೆ ಎಂದು ಖಾತ್ರಿ ಮಾಡಿಕೊಂಡು, ತಾಟು ತಂದು ತಾವೇ ಬಡಿಸಿಕೊಂಡು ಉಂಡರು. ಇವರು ಬಂದಾಗ, "ನಾಯಿ ಎಲ್ಲೂ ಹೋಗೂದಿಲ್ಲ. ಇಕಿ ಕಲಿಸತಾಳ," ಎಂದು ಅಷ್ಟೇ ಹೇಳಿದರು. ಆಮೇಲೆ ಹನ್ನೆರಡು ದಿನ ನನ್ನೊಡನೆ ಮಾತಿಲ್ಲ.

ಮರುದಿನದಿಂದ ನನ್ನ ಪಾಠ ಶುರುವಾಯಿತು. ಕಾಕಾ ಹಿತ್ತಲಲ್ಲಿ ಗೂಟ ಹೊಡೆದು ನಾಯಿಯನ್ನು ಕಟ್ಟಿದರು. ಸರಪಳಿ ಎಳೆದು ನಿಂತರೆ ಅದರ ಮೂಗು ಎಲ್ಲಿಗೆ ಬರುತ್ತದೋ ಅಲ್ಲಿ ನೆಲದ ಮೇಲೆ ಇಟ್ಟಿಗೆಯಿಂದ ಗೆರೆ ಎಳೆದರು. ಗೆರೆಯಿಂದ ಒಂದು ಮೊಳ ಈಚೆಗೆ ನನಗೆ ಮಣೆ ಹಾಕಿದರು. ಮಗಳು ಹಿತ್ತಲಿಗೆ ಬರುವಂತಿಲ್ಲ, ಬಾಗಿಲಿಗೆ ಚಿಲಕ. ನಾಯಿ ಹಸಿದು ಏಳದಿರಲೆಂದು ಹೊತ್ತು ಮುಳುಗಿದ ಮೇಲೆ ಕಾಕಾನ ಮನೆಯಿಂದ ಅದಕ್ಕೊಂದು ತಾಟು ಬರುವುದೆಂದಾಯಿತು. ಆ ತಾಟಿನಲ್ಲಿ ಏನಿರುತ್ತದೆ ಎಂದು ನಮ್ಮ ಮನೆಯವರು ಯಾರೂ ಬಗ್ಗಿ ನೋಡಲಿಲ್ಲ.

"ರೊಟ್ಟಿ ತೊಡಿ ಮ್ಯಾಲೆ ಇಟ್ಕೊಂಡು ಕುಂದರು, ತಂಗಿ," ಎಂದರು ಕಾಕಾ. "ಗುರ್ ಅಂದ್ರ ಅಲ್ಲಾಡಬ್ಯಾಡ. ಬೈಯಬ್ಯಾಡ, ಹೊಡೀಬ್ಯಾಡ, ಏಳಬ್ಯಾಡ. ಸುಮ್ನಾಗಿ ಕುಂತಿತು ಅಂದ್ರ ಒಂದು ಚೂರು. ಮೊದಲ ನಾಲ್ಕ ದಿನ ಜಾಸ್ತಿ ಮಾಡತೈತಿ. ಇಷ್ಟ ದಿನ ನಡೆದದ್ದು ಈಗ್ಯಾಕ ನಡೀವಲ್ದು ಅಂತ."

ಜಾಸ್ತಿಯೇ ಮಾಡಿತು. ಮೊದಲ ದಿನ ಗೆರೆಯವರೆಗೆ ಹಾರಿ ಬಿದ್ದಾಗ ಸರಪಳಿಯ ಸದ್ದಿಗೆ ನನ್ನ ಎದೆ ಒಡೆಯಿತು ಅಂದುಕೊಂಡೆ. ಅದರ ಜೊಲ್ಲು ನನ್ನ ಸೀರೆಯ ನಿರಿಗೆಯ ಮೇಲೆ ಬಿತ್ತು. ನಾನು ಮಣೆಯನ್ನು ಎರಡು ಕೈಯಿಂದ ಹಿಡಿದು ಕಣ್ಣು ಮುಚ್ಚಿ ಕೂತೆ. ಹಲ್ಲಿನಿಂದ ತುಟಿ ಕಚ್ಚಿ ರಕ್ತ ಬಂತು. ಕಣ್ಣು ಮುಚ್ಚಿ ಕೂತವಳಿಗೆ ಅದು ಯಾವಾಗ ಸುಮ್ಮನಾಯಿತೋ ಗೊತ್ತಾಗಬೇಕಲ್ಲ? ಕಾಕಾ ಬೇಲಿಯ ಆಚೆಯಿಂದ, "ಕಣ್ಣ ತಗೀ, ಕುಂತೈತಿ!" ಎಂದು ಕೂಗಿದರು. ಕಣ್ಣು ತೆರೆಯುವಷ್ಟರಲ್ಲಿ ಅದು ಮತ್ತೆ ಎದ್ದಿತ್ತು. ಎರಡನೆಯ ದಿನ ಹೆದರಿಕೆಗೆ ಜ್ವರ ಬಂತು. ಮೂರನೆಯ ದಿನ ಗುರ್ ಎನ್ನುತ್ತಿದ್ದಾಗಲೇ ನನ್ನ ಬೆರಳು ರೊಟ್ಟಿ ಮುರಿಯಿತು, ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತೆ. ಹಿತ್ತಲ ಕಿಟಕಿಯ ಸರಳಿನ ಹಿಂದೆ ಅತ್ತೆ ನಿಂತು ನೋಡುತ್ತಿದ್ದರು. ಎರಡು ಕಡೆಯಿಂದ ಎರಡು ಜೊತೆ ಕಣ್ಣು. ಯಾವುದಕ್ಕೆ ಹೆಚ್ಚು ಬೆವರಿದೆ ಎಂದು ಕೇಳಿದರೆ ಇಂದಿಗೂ ಹೇಳಲಾರೆ.

ಹನ್ನೆರಡನೆಯ ದಿನ ಅದು ಗುರ್ ಎಂದಿತು, ನಾನು ಅದನ್ನೇ ನೋಡುತ್ತ ಕೂತೆ. ಹೆದರಿಕೆ ಹೋಗಿರಲಿಲ್ಲ. ಕೈ ಮಾತ್ರ ಅಲ್ಲಾಡಲಿಲ್ಲ. ಅದು ಇನ್ನೊಮ್ಮೆ ಗುರ್ ಎನ್ನಲು ಬಾಯಿ ತೆರೆದು, ಬೇಸರವಾದಂತೆ ಮುಚ್ಚಿತು. ತಲೆಯನ್ನು ಒಂದು ಕಡೆಗೆ ವಾಲಿಸಿ ನನ್ನನ್ನು ನೋಡಿತು. ನಿಧಾನಕ್ಕೆ ಹಿಂದಿನ ಕಾಲು ಮಡಚಿ ಕೂತಿತು. ನಾನು ಒಂದು ಚೂರು ಮುರಿದು ಗೆರೆಯ ಆಚೆ ಇಟ್ಟೆ. ತಿಂದು ಮತ್ತೆ ಕೂತಿತು. ಮತ್ತೊಂದು ಚೂರು. ರೊಟ್ಟಿ ಮುಗಿಯುವವರೆಗೆ ಒಂದು ಸದ್ದೂ ಇಲ್ಲ. ನನಗೆ ಅಳು ಬಂತು.

ಚಿಲಕ ತೆಗೆದ ಸದ್ದಾಯಿತು. ಅತ್ತೆ ಹೊರಗೆ ಬಂದು ನನ್ನ ಪಕ್ಕದ ಕಲ್ಲಿನ ಮೇಲೆ ಕೂತರು. ನಾಯಿಯನ್ನೇ ನೋಡುತ್ತ, ನನ್ನ ಕಡೆ ತಿರುಗದೆಯೇ ಕೇಳಿದರು.

"ನನ್ನ ಕಂಡ್ರೂ ನಿನಗ ಹಿಂಗ ಅಂಜಿಕಿ ಬರತೈತೇನು?"

ಇಲ್ಲರಿ ಎನ್ನಬೇಕೆಂದು ಬಾಯಿ ತೆರೆದೆ. ಅವರು ಬಯಸುವ ಉತ್ತರ ಅದೇ ಎಂದು ನನಗೆ ಗೊತ್ತಿತ್ತು. ಖಾಲಿ ಕೈಗಳನ್ನು ತೊಡೆಯ ಮೇಲೆ ಹಾಗೆಯೇ ಇಟ್ಟುಕೊಂಡು, "ಹೂಂ ರೀ," ಎಂದೆ.

ಅವರ ಮುಖ ಸಣ್ಣದಾಯಿತು. ಎದ್ದು ಸೀರೆಯ ಧೂಳು ಕೊಡವಿಕೊಂಡರು.

"ಇಷ್ಟ ವರ್ಷ ನಾ ಅದನ್ನ ಮರ್ಯಾದಿ ಅಂತ ತಿಳಕೊಂಡಿದ್ದೆ," ಎಂದು ಹೇಳಿ ಒಳಗೆ ಹೋದರು.